ಕ್ರೈಸ್ತ ಶಾಲೆ ಮುಗಿಸಿದ ಮೇಲಿನ ಎರಡು ವರ್ಷ: ಒಂದು ಪ್ರಕರಣ

ಹನ್ನೆರಡು ವರ್ಷ ಒಂದೇ ಕ್ರೈಸ್ತ ಶಾಲೆಯಲ್ಲಿ ಓದಿದ ಹುಡುಗಿ. ಆಮೇಲೆ ದೊಡ್ಡದೊಂದು ವಿಶ್ವವಿದ್ಯಾಲಯ ಸೇರಿದಳು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಮನೆಯವರ ಹತ್ತಿರ ಹೇಳಿದ್ದು ಒಂದೇ ಮಾತು: "ನಾನು ಏನು ನಂಬ್ತೀನಿ ಅಂತ ನನಗೇ ಗೊತ್ತಾಗ್ತಿಲ್ಲ." ಮನೆಯವರಿಗೆ ಅದು "ನಾನು ದೇವರನ್ನ ಬಿಟ್ಟೆ" ಎಂದು ಹೇಳಿದ ಹಾಗೆ ಕೇಳಿಸಿತು. ಅವಳ ಶಾಲೆಯ ಹಳೆಯ ಮೇಷ್ಟ್ರೊಬ್ಬರಿಗೆ ಮಾತ್ರ ಅವಳು ಹೇಳಿದ್ದು ಹೇಳಿದ ಹಾಗೆಯೇ ಕೇಳಿಸಿತು. ಅವಳ ಮುಂದಿನ ಒಂದು ವರ್ಷ ಹೇಗೆ ಹೋಯಿತು ಎನ್ನುವುದು ಹೆಚ್ಚಾಗಿ ಈ ವ್ಯತ್ಯಾಸದ ಮೇಲೇ ನಿಂತಿತ್ತು.

ಮೊದಲೇ ಒಂದು ಮಾತು. ಇದು ನಿರ್ದಿಷ್ಟವಾಗಿ ಯಾರೋ ಒಬ್ಬರ ಕಥೆಯಲ್ಲ. ಇಂಥ ಶಾಲೆಗಳಿಂದ ಹೊರಬಂದವರಿಗೆ ಸಾಮಾನ್ಯವಾಗಿ ಎದುರಾಗುವ ಸಂಗತಿಗಳನ್ನು ಒಬ್ಬಳ ಬದುಕಿನಲ್ಲಿ ಸೇರಿಸಿ ಬರೆದ ಪ್ರಕರಣ. ಹಾಗಾಗಿ ಹೆಸರಿಲ್ಲ, ಊರಿಲ್ಲ.

ಹಿನ್ನೆಲೆ

ಚಿಕ್ಕ ಶಾಲೆ. ತರಗತಿಯಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳು. ದಿನ ಶುರುವಾಗುತ್ತಿದ್ದದ್ದು ಆರಾಧನೆಯಿಂದ. ವಾರಕ್ಕೊಂದು ವಾಕ್ಯ ಬಾಯಿಪಾಠ, ಅದಕ್ಕೆ ಅಂಕ. ಗಣಿತದ ಪುಸ್ತಕದ ಮೊದಲ ಪುಟದಲ್ಲೂ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ವಚನ. ಒಂದು ದಿನ ಶಾಲೆಗೆ ಬರದಿದ್ದರೆ ಮೊದಲ ಪಿರಿಯಡ್ ಮುಗಿಯುವುದರೊಳಗೆ ಮನೆಗೆ ಫೋನ್ ಬರುತ್ತಿತ್ತು.

ಈ ಹುಡುಗಿ ಅಲ್ಲಿ ಖುಷಿಯಾಗಿಯೇ ಇದ್ದಳು, ಇದನ್ನು ಮರೆಯಬಾರದು. ಇಂಥ ಶಾಲೆಯ ಬಗ್ಗೆ ಬರೆಯುವವರು ಸುಲಭವಾಗಿ ಒಂದು ಕಡೆ ವಾಲಿಬಿಡುತ್ತಾರೆ. ಅಲ್ಲಿ ಅವಳಿಗೆ ಸಿಕ್ಕಿದ್ದು ಸಣ್ಣದಲ್ಲ. ಕಷ್ಟದ ಗದ್ಯವನ್ನು ನಿಧಾನವಾಗಿ ಓದುವ ಅಭ್ಯಾಸ ಬಂತು. ಎಷ್ಟೇ ಜನರಿದ್ದರೂ ಎದ್ದು ನಿಂತು ಮಾತಾಡುವ ಧೈರ್ಯ ಬಂತು. ಗುಂಪಿನಲ್ಲಿ ಬೇರೆ ಬೇರೆ ಸ್ವರದಲ್ಲಿ ಹಾಡಲು ಬಂತು. ಕಾಯಿಲೆ ಬಿದ್ದವರ ಪಕ್ಕ ಹೋಗಿ ಕೂರುವುದಕ್ಕೆ ಮುಜುಗರ ಇರಲಿಲ್ಲ. ಇವೆಲ್ಲ ಶಾಲೆಯೇ ಕೊಟ್ಟದ್ದು, ಮುಂದೆ ಅವಳ ಕೈಹಿಡಿದದ್ದೂ ಇವೇ.

ಆದರೆ ಇನ್ನೊಂದು ವಿಷಯವೂ ಇತ್ತು. ಶಾಲೆಯ ನಿಯಮಗಳ ಪುಸ್ತಕದಲ್ಲಿ ಸ್ಕರ್ಟಿನ ಉದ್ದ, ಕೂದಲು, ಕೇಳಬಾರದ ಹಾಡು, ಹುಡುಗರ ಜೊತೆ ಎಷ್ಟು ಮಾತು, ಹೀಗೆ ಎಲ್ಲಕ್ಕೂ ನಿಯಮವಿತ್ತು. ಪ್ರತಿ ನಿಯಮದ ಪಕ್ಕ ಒಂದು ವಚನ. ಸುಳ್ಳು ಹೇಳಿದರೂ ಶಿಕ್ಷೆ, ಸ್ಕರ್ಟ್ ಗಿಡ್ಡವಾದರೂ ಶಿಕ್ಷೆ, ಎರಡೂ ಹೆಚ್ಚುಕಮ್ಮಿ ಒಂದೇ. ಯೇಸು ಸತ್ತು ಎದ್ದ ಎನ್ನುವುದು, ಭೂಮಿಗೆ ಕೆಲವೇ ಸಾವಿರ ವರ್ಷ ಎನ್ನುವುದು, ಇಂಥ ಹಾಡು ಕೇಳಬಾರದು ಎನ್ನುವುದು, ಎಲ್ಲವೂ ಒಂದೇ ದನಿಯಲ್ಲಿ, ಒಂದೇ ತೂಕದಲ್ಲಿ ಬರುತ್ತಿದ್ದವು. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅವಳ ತಲೆಯ ಮೇಲಿಟ್ಟು ಕಳಿಸಿದ್ದರು.

ನನ್ನ ಪ್ರಕಾರ ಈ ಪ್ರಕರಣದ ಬೇರು ಇಲ್ಲೇ ಇದೆ.

ಮೊದಲ ತಿಂಗಳುಗಳು

ಮೊದಲ ಭಾನುವಾರ ಹೊಸ ಜಾಗದ ಸುಸ್ತಿಗೆ ನಿದ್ದೆ ಹತ್ತಿತು. ಎದ್ದಾಗ ಹನ್ನೊಂದು ಗಂಟೆ, ಚರ್ಚಿನ ಆರಾಧನೆ ತಪ್ಪಿಹೋಗಿತ್ತು. ಭಯವಾಯಿತು. ಸಂಜೆಯವರೆಗೆ ಯಾರಾದರೂ ಕೇಳುತ್ತಾರೆ ಎಂದು ಕಾದಳು. ಯಾರೂ ಕೇಳಲಿಲ್ಲ. ಎರಡನೇ ಭಾನುವಾರವೂ ಕೇಳಲಿಲ್ಲ. ಹನ್ನೆರಡು ವರ್ಷ ಅವಳ ಪ್ರಾರ್ಥನೆ, ಓದು, ಹಾಡು ಎಲ್ಲದಕ್ಕೂ ಗಂಟೆ ಬಾರಿಸುತ್ತಿದ್ದವರು ಬೇರೆಯವರು. ಈಗ ಗಂಟೆ ಬಾರಿಸುವವರಿಲ್ಲ. ತಾನಾಗಿ ಎದ್ದು ಹೋಗುವುದು ಅವಳಿಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಹೋಗದೇ ಇರುವ ಅವಕಾಶ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಇದನ್ನು ಅವಳು "ನನ್ನ ನಂಬಿಕೆ ಸತ್ತುಹೋಗಿದೆ" ಎಂದುಕೊಂಡಳು. ನಿಜವಾಗಿ ನಿಂತುಹೋಗಿದ್ದು ವೇಳಾಪಟ್ಟಿ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಾಗಾಗಿ ಈ ಹಂತದಲ್ಲಿ ತುಂಬಾ ಜನ ತಮ್ಮ ಮೇಲೆ ತಾವೇ ತಪ್ಪು ತೀರ್ಪು ಕೊಟ್ಟುಕೊಳ್ಳುತ್ತಾರೆ.

ಆಮೇಲೆ ರೂಮ್‌ಮೇಟ್. ದೇವರನ್ನು ನಂಬದ ಹುಡುಗಿ. ಕೊನೆಯ ವರ್ಷ ಶಾಲೆಯಲ್ಲಿ ಇಂಥವರ ಜೊತೆ ವಾದ ಮಾಡುವುದನ್ನೇ ಒಂದು ಪಾಠವಾಗಿ ಹೇಳಿಕೊಟ್ಟಿದ್ದರು. ಅವರು ಹೀಗೆ ಕೇಳಿದರೆ ಹೀಗೆ ಉತ್ತರ ಕೊಡು ಅಂತ. ಆದರೆ ಈ ಹುಡುಗಿ ಏನನ್ನೂ ಕೇಳಲಿಲ್ಲ. ಇವಳಿಗೆ ಜ್ವರ ಬಂದಾಗ ಎರಡು ರಾತ್ರಿ ಎದ್ದು ಮಾತ್ರೆ ಕೊಟ್ಟಳು, ಇವಳ ಬಟ್ಟೆ ಒಗೆದು ಹಾಕಿದಳು, ತರಗತಿಯ ನೋಟ್ಸ್ ಬರೆದು ತಂದಳು. ಸಿದ್ಧ ಉತ್ತರಗಳೆಲ್ಲ ಜಗಳಕ್ಕೆ ಬರುವವರಿಗಾಗಿ ಇದ್ದವು. ಒಳ್ಳೆಯವರ ಜೊತೆ ಹೇಗಿರಬೇಕು ಎನ್ನುವುದು ಆ ಪಾಠದಲ್ಲಿ ಇರಲಿಲ್ಲ. "ನಂಬದವರು ಒಳಗೊಳಗೇ ಖಾಲಿ ಇರ್ತಾರೆ" ಎಂದು ಕೇಳಿ ಬೆಳೆದವಳಿಗೆ ಇದು ಪುಸ್ತಕದ ಯಾವ ವಾದಕ್ಕಿಂತಲೂ ಜಾಸ್ತಿ ತಟ್ಟಿತು.

ಜೀವಶಾಸ್ತ್ರದ ತರಗತಿ

ಅವಳು ಆರಿಸಿಕೊಂಡ ವಿಷಯ ಜೀವಶಾಸ್ತ್ರ. ಶಾಲೆಯಲ್ಲಿ ವಿಕಾಸವಾದದ ಬಗ್ಗೆ ಒಂದು ಅಧ್ಯಾಯವಿತ್ತು. ಅದು ಯಾಕೆ ತಪ್ಪು ಎಂದು ಹೇಳುವ ಅಧ್ಯಾಯ. ಹಾಗಾಗಿ ನೈಸರ್ಗಿಕ ಆಯ್ಕೆ ಎಂದರೆ ಏನು ಎಂದು ಕೇಳಿದರೆ ಅವಳಿಗೆ ಬರುತ್ತಿದ್ದದ್ದು ಖಂಡನೆ ಮಾತ್ರ. ಮೊದಲ ಪರೀಕ್ಷೆಯಲ್ಲಿ ಅಂಕ ಹೋದದ್ದು ಅದಕ್ಕೇ. ಅವಳ ನಂಬಿಕೆಗೆ ಯಾರೂ ಅಂಕ ಕಳೆಯಲಿಲ್ಲ, ವಿಷಯ ಗೊತ್ತಿಲ್ಲದ್ದಕ್ಕೆ ಕಳೆದರು. ತರಗತಿಯ ಪ್ರೊಫೆಸರ್ ಯಾವ ಧರ್ಮವನ್ನೂ ಗೇಲಿ ಮಾಡಲಿಲ್ಲ, ಸುಮ್ನೆ ಪಾಠ ಮಾಡಿದರು.

ತಿರುವು ಸಿಕ್ಕಿದ್ದು ಲ್ಯಾಬಿನಲ್ಲಿ. ಆನುವಂಶಿಕತೆಯ ಮೊದಲ ಪಾಠ, ಬಟಾಣಿ ಕಾಳು. ಮೆಂಡೆಲ್ ತನ್ನ ಒಂದು ಪ್ರಯೋಗದ ಎರಡನೇ ಪೀಳಿಗೆಯಲ್ಲಿ ಎಣಿಸಿದ್ದು 5,474 ದುಂಡು ಕಾಳು, 1,850 ಸುಕ್ಕು ಕಾಳು. ಭಾಗಿಸಿದರೆ ಹತ್ತಿರ ಹತ್ತಿರ ಮೂರಕ್ಕೆ ಒಂದು. ಒಂದೊಂದೇ ಕಾಳನ್ನು ಬೆರಳಲ್ಲಿ ತಿರುಗಿಸಿ ನೋಡಿ ಬೇರೆ ಹಾಕಿದ ಆ ತಾಳ್ಮೆ ಅವಳಿಗೆ ಹಿಡಿಸಿತು. ಜೊತೆಗೆ ಹಾಳೆಯಲ್ಲಿ ಇನ್ನೊಂದು ಸಾಲು: ಗ್ರೆಗರ್ ಮೆಂಡೆಲ್ ಆಗಸ್ಟೀನಿಯನ್ ಪಂಥದ ಸನ್ಯಾಸಿ, ಈ ಕೆಲಸ ಮಾಡಿದ್ದು ಮಠದ ತೋಟದಲ್ಲಿ, ಪ್ರಕಟವಾದದ್ದು 1866ರಲ್ಲಿ. ಬಟಾಣಿಯ ಪಾಠ ಅವಳಿಗೆ ಶಾಲೆಯಲ್ಲೇ ಆಗಿತ್ತು. ಆದರೆ ಅದನ್ನು ಎಣಿಸಿದವನು ಮಠದಲ್ಲಿ ಪ್ರಾರ್ಥನೆ ಮಾಡಿಕೊಂಡಿದ್ದ ಸನ್ಯಾಸಿ ಎಂದು ಕ್ರೈಸ್ತ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ!

ಅಲ್ಲಿಂದ ಹುಡುಕುತ್ತಾ ಹೋದಳು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಒಬ್ಬ ಕ್ಯಾಥೊಲಿಕ್ ಪಾದ್ರಿ. ಮನುಷ್ಯನ ಇಡೀ ಡಿಎನ್‌ಎಯನ್ನು ಓದಿ ದಾಖಲಿಸುವ ಮಾನವ ಜೀನೋಮ್ ಯೋಜನೆಯ ನೇತೃತ್ವವನ್ನು 1993ರಲ್ಲಿ ವಹಿಸಿಕೊಂಡ ಫ್ರಾನ್ಸಿಸ್ ಕಾಲಿನ್ಸ್ ಸುವಾರ್ತೆಯನ್ನು ನಂಬುವವರು, ವಿಕಾಸವಾದವನ್ನೂ ಒಪ್ಪುವವರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿಕಾಸವಾದವು ಬರೀ ಊಹೆಗಿಂತ ಹೆಚ್ಚಿನದು ಎಂದಿದ್ದರು. ಇನ್ನೂ ಹಿಂದೆ ಹೋದರೆ, 5ನೇ ಶತಮಾನದ ಆರಂಭದಲ್ಲೇ ಉತ್ತರ ಆಫ್ರಿಕಾದ ಹಿಪ್ಪೊದ ಬಿಷಪ್ ಆಗಸ್ಟಿನ್, ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಬರುವ ಸೃಷ್ಟಿಯ ಆರು ದಿನಗಳನ್ನು ನಮ್ಮ ಮಾಮೂಲಿ ದಿನಗಳೆಂದು ತಿಳಿಯಬೇಕಾಗಿಲ್ಲ ಎಂದು ಬರೆದಿದ್ದ. ಪ್ರಕೃತಿಯ ವಿಷಯದಲ್ಲಿ ತಿಳಿಯದೆ ಮಾತಾಡಿ ಅದಕ್ಕೆ ಧರ್ಮಗ್ರಂಥವನ್ನು ಎಳೆದು ತರುವ ಕ್ರೈಸ್ತರನ್ನು ಬೈದೂ ಇದ್ದ. ಅವಳ ಶಾಲೆಯ ಗೋಡೆಯ ಮೇಲಿದ್ದ ಕಾಲರೇಖೆ ಶುರುವಾಗುತ್ತಿದ್ದದ್ದು ಕ್ರಿಸ್ತಪೂರ್ವ 4004ರಿಂದ. ಲೋಕ ಸೃಷ್ಟಿಯಾದದ್ದು ಆ ವರ್ಷ ಎನ್ನುವುದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಲೆಕ್ಕ. ಸತ್ಯವೇದದ ಯಾವ ವಚನದಲ್ಲೂ ಆ ಸಂಖ್ಯೆ ಇಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. "ಇದನ್ನೆಲ್ಲ ಯಾಕೆ ಮುಚ್ಚಿಟ್ರು?" ಮುಚ್ಚಿಟ್ಟರೋ, ಪಾಠ ಮಾಡಿದವರಿಗೇ ಗೊತ್ತಿರಲಿಲ್ಲವೋ, ಅದು ಬೇರೆ ಮಾತು. ಹೆಚ್ಚಿನ ಕಡೆ ಎರಡನೆಯದೇ ನಿಜ ಎಂದು ನನಗನ್ನಿಸುತ್ತದೆ. ಆದರೆ ಹದಿನೆಂಟು ವರ್ಷದವಳಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಒಂದು ವಿಷಯದಲ್ಲಿ ತನಗೆ ಪೂರ್ತಿ ಹೇಳಿರಲಿಲ್ಲ ಎಂದರೆ ಉಳಿದದ್ದರಲ್ಲೂ ಹಾಗೇ ಇರಬೇಕು, ಅಲ್ವಾ? ಕಾಲರೇಖೆ ಅಲುಗಿದಾಗ ಸ್ಕರ್ಟಿನ ನಿಯಮವೂ ಅಲುಗಿತು, ಯೇಸುವಿನ ಪುನರುತ್ಥಾನವೂ ಅಲುಗಿತು. ಎಲ್ಲ ಒಂದೇ ಗಂಟಿನಲ್ಲಿದ್ದವಲ್ಲ.

ಮನೆಗೆ ಮಾಡಿದ ಫೋನ್

ಒಂದು ಸಂಜೆ ಧೈರ್ಯ ಮಾಡಿ ಅಮ್ಮನನ್ನು ಕೇಳಿದಳು. "ಅಮ್ಮಾ, ಆರು ದಿನ ಅಂದ್ರೆ ನಿಜವಾಗ್ಲೂ ಆರು ದಿನಾನೇನಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ನಿನ್ನನ್ನ ಅಲ್ಲಿಗೆ ಕಳಿಸಿದ್ದೇ ತಪ್ಪಾಯ್ತು."

ಅಮ್ಮ ಕೆಟ್ಟವರಲ್ಲ, ಹೆದರಿದ್ದರು. ಶಾಲೆಯ ಶುಲ್ಕ ಕಟ್ಟಲು ಇಷ್ಟು ವರ್ಷ ಒದ್ದಾಡಿದ್ದು ಮಗಳಿಗೆ ಇಂಥ ಪ್ರಶ್ನೆ ಬರಬಾರದು ಎಂದೇ. ಆದರೆ ಆ ಒಂದು ಮಾತಿನಿಂದ ಮಗಳು ಕಲಿತದ್ದು ಏನೆಂದರೆ, ಮನೆಯಲ್ಲಿ ಏನನ್ನೂ ಕೇಳಬಾರದು. ಆವತ್ತಿನಿಂದ ಅವಳದು ಎರಡು ದನಿ. ಬೆಳಿಗ್ಗೆ ವಾಟ್ಸ್‌ಆ್ಯಪಿನಲ್ಲಿ ಅಮ್ಮ ಕಳಿಸುತ್ತಿದ್ದ ವಚನದ ಚಿತ್ರವನ್ನು ಡೌನ್‌ಲೋಡ್ ಕೂಡ ಮಾಡದೆ, ಆ ಮಬ್ಬು ಚೌಕದ ಕೆಳಗೆ "ಆಮೆನ್" ಎಂದು ಹಾಕುತ್ತಿದ್ದಳು. "ಸಭೆಗೆ (ಚರ್ಚಿಗೆ) ಹೋಗಿದ್ಯಾ?" ಎಂದರೆ "ಹೂಂ". ಪ್ರಶ್ನೆಗಿಂತ ಈ ಸುಳ್ಳೇ ಅವಳನ್ನು ಜಾಸ್ತಿ ಕೊರೆಯಿತು. ದಿನಕ್ಕೊಂದು ಸಲ ಸುಳ್ಳು ಆಮೆನ್ ಹೇಳುವವಳಿಗೆ ನಿಜವಾಗಿ ಪ್ರಾರ್ಥನೆ ಮಾಡುವುದು ಕಷ್ಟ.

ಈ ನಡುವೆ ವಿದ್ಯಾರ್ಥಿಗಳ ಪ್ರಾರ್ಥನಾ ಗುಂಪೊಂದನ್ನು ಸೇರಿದಳು. ಅಲ್ಲಿ ಒಬ್ಬರ ಹತ್ತಿರ ಗುಟ್ಟಾಗಿ ತನ್ನ ಗೊಂದಲ ಹೇಳಿಕೊಂಡಳು. ಮುಂದಿನ ವಾರ ಮುಂದಾಳು ಎಲ್ಲರೆದುರು ಅವಳ ಹೆಸರು ಹಿಡಿದು "ಸಂದೇಹದ ಆತ್ಮ" ಬಿಟ್ಟುಹೋಗಲಿ ಎಂದು ಪ್ರಾರ್ಥಿಸಿದರು. ಮತ್ತೆ ಅವಳು ಆ ಕಡೆ ಹೋಗಲಿಲ್ಲ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಬ್ಬರು ನಂಬಿ ಹೇಳಿದ್ದನ್ನು ಪ್ರಾರ್ಥನೆಯ ಹೆಸರಲ್ಲಿ ಹೊರಗೆ ಹಾಕುವುದು ದೊಡ್ಡ ತಪ್ಪು. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ.

ಹಳೆಯ ಮೇಷ್ಟ್ರು

ವರ್ಷದ ಕೊನೆಯಲ್ಲಿ ಅವಳು ಮನೆಯವರ ಹತ್ತಿರ ಆ ಮೊದಲಿನ ಮಾತು ಹೇಳಿದ್ದು, ಮನೆಯಲ್ಲಿ ಅಳು, ಸಿಟ್ಟು, ಪಾಸ್ಟರ್ ಅವರನ್ನು ಕರೆಸುವ ಮಾತು ಎಲ್ಲ ಆಯಿತು. ಆಮೇಲೆ ಅವಳೇ, ಶಾಲೆಯಲ್ಲಿ ಸತ್ಯವೇದದ ಪಾಠ ಮಾಡಿ ನಿವೃತ್ತರಾಗಿದ್ದ ಮೇಷ್ಟ್ರಿಗೆ ಉದ್ದದ ಮೇಲ್ ಬರೆದಳು. ಬೈಗುಳ ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಒಂದು ಪ್ರಶ್ನೆ: "ಏನೇನು ಗೊತ್ತಾಗ್ತಿಲ್ಲ, ಒಂದೊಂದೇ ಬರೆದು ಕಳಿಸ್ತೀಯಾ?"

ಬರೆದಳು. ಎರಡು ಪುಟವಾಯಿತು. ಅದರಲ್ಲಿ ಭೂಮಿಯ ವಯಸ್ಸಿತ್ತು, ರೂಮ್‌ಮೇಟ್ ನರಕಕ್ಕೆ ಹೋಗುತ್ತಾಳಾ ಎನ್ನುವುದಿತ್ತು, ಕಿವಿಗೆ ಎರಡನೇ ತೂತು ಮಾಡಿಸಿದ್ದು ಪಾಪವಾ ಎನ್ನುವುದಿತ್ತು, ತಾನು ಪ್ರಾರ್ಥಿಸುವಾಗ ಆ ಕಡೆ ಯಾರಾದರೂ ಇದ್ದಾರಾ ಎನ್ನುವುದೂ ಇತ್ತು. ಮೇಷ್ಟ್ರು ಯಾವುದಕ್ಕೂ ಉತ್ತರ ಬರೆಯಲಿಲ್ಲ. ಸತ್ಯವೇದದಲ್ಲಿರುವ ಅಪೊಸ್ತಲ ಪೌಲನ ಪತ್ರಗಳಿಂದ ಎರಡು ಅಧ್ಯಾಯ ಓದಲು ಹೇಳಿದರು. ಒಂದು, ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ. ಏನು ತಿನ್ನಬೇಕು, ಯಾವ ದಿನ ವಿಶೇಷ ಎಂಬ ಜಗಳಗಳಲ್ಲಿ ಒಬ್ಬೊಬ್ಬರೂ ತಮ್ಮ ಮನಸ್ಸಿಗೆ ಖಚಿತವಾದಂತೆ ನಡೆಯಲಿ, ಒಬ್ಬರಿಗೊಬ್ಬರು ತೀರ್ಪು ಕೊಡಬೇಡಿ ಎಂದು ಪೌಲ ಅಲ್ಲಿ ಹೇಳುತ್ತಾನೆ. ಇನ್ನೊಂದು, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ. ಕ್ರಿಸ್ತನು ಎದ್ದಿಲ್ಲವಾದರೆ ನಾವು ಸಾರುವುದೂ ವ್ಯರ್ಥ, ನೀವು ನಂಬುವುದೂ ವ್ಯರ್ಥ ಎಂದು ಅದೇ ಪೌಲ ಅಲ್ಲಿ ಹೇಳುತ್ತಾನೆ. ಒಂದೇ ಕೈ ಬರೆದದ್ದು. ಒಂದು ಕಡೆ ಬಿಟ್ಟುಕೊಡುತ್ತಾನೆ, ಇನ್ನೊಂದು ಕಡೆ ಕೂದಲಷ್ಟೂ ಕದಲುವುದಿಲ್ಲ.

"ಈಗ ನಿನ್ನ ಪಟ್ಟಿ ತಗೊಂಡು ಯಾವುದು ಯಾವ ಕಡೆ ಸೇರುತ್ತೆ ಅಂತ ನೀನೇ ನೋಡು. ಯಾವ ಕಡೆಗೂ ಸೇರದೇ ಇರೋದು, ಬರೀ ನಮ್ಮ ಶಾಲೆದು ಅಂತ ಅನ್ನಿಸಿದ್ದು ಇದ್ರೆ ಅದನ್ನ ಬೇರೆ ಇಡು," ಎಂದು ಬರೆದಿದ್ದರು.

ಎರಡು ಪುಟದ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ "ಬರೀ ಶಾಲೆದು" ಕಡೆಗೆ ಹೋಯಿತು. ಕೆಲವು ಬರೀ ಮನೆಯವು. ಕೊನೆಗೆ ಉಳಿದದ್ದು ಮೂರೋ ನಾಲ್ಕೋ, ಆದರೆ ಅವು ನಿಜವಾಗಿ ದೊಡ್ಡವು. ಸುಲಭವಾಗಿ ಬಗೆಹರಿಯುವಂಥವಲ್ಲ, ಬಗೆಹರಿದೂ ಇಲ್ಲ. ಆದರೂ ನಲವತ್ತು ಚಿಂತೆ ಹೊತ್ತು ತಿರುಗುವುದಕ್ಕೂ ನಾಲ್ಕನ್ನು ಮುಂದಿಟ್ಟುಕೊಂಡು ಕೂರುವುದಕ್ಕೂ ತುಂಬಾ ವ್ಯತ್ಯಾಸವಿದೆ. ಆ ವಾರ ಅವಳಿಗೆ ನಿದ್ದೆ ಬಂತು.

ಮೇಷ್ಟ್ರು ಇನ್ನೊಂದು ಕೆಲಸ ಮಾಡಿದರು. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದ ಕೀರ್ತನೆಗಳು 23, 91, 121. ಎಲ್ಲವೂ ಧೈರ್ಯ ಹೇಳುವಂಥವು. ಈಗ 88ನೇ ಕೀರ್ತನೆ ಓದು ಎಂದರು. ಅದು ಮೊದಲಿಂದ ಕೊನೆವರೆಗೂ ಗೋಳು. ಕೊನೆಯಲ್ಲೂ ಸಮಾಧಾನವಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದೂ ಸತ್ಯವೇದದ ಒಳಗಿದೆ, ಅದನ್ನೂ ಪ್ರಾರ್ಥನೆ ಎಂದೇ ಹಾಡಿದ್ದಾರೆ ಎಂದು ಅವಳಿಗೆ ತಿಳಿದದ್ದು ಆವತ್ತು. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ನಂಬುತ್ತೇನೆ ಎನ್ನುತ್ತಲೇ ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗುತ್ತಾನೆ. ಯೇಸು ಅವನನ್ನು ವಾಪಸ್ ಕಳಿಸುವುದಿಲ್ಲ, ಅವನ ಮಗನನ್ನು ಗುಣಪಡಿಸುತ್ತಾನೆ. ಈ ಭಾಗ ಅವಳಿಗೆ ಮೊದಲೇ ಗೊತ್ತಿತ್ತು. ಪರೀಕ್ಷೆಗೆ ಬರೆದಿದ್ದಳು ಕೂಡ.

ಇದನ್ನು ಬೇರೆಯವರೂ ನೋಡಿದ್ದಾರೆ

ಮನಶ್ಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ವಿವರಣೆಗಳಿವೆ. ಎರಿಕ್ ಎರಿಕ್ಸನ್ ಅವರ ವಿಚಾರವನ್ನು ಮುಂದುವರಿಸಿ ಜೇಮ್ಸ್ ಮಾರ್ಸಿಯಾ 1966ರಲ್ಲಿ ಹದಿಹರೆಯದವರು ತಮ್ಮ ಗುರುತು ಕಂಡುಕೊಳ್ಳುವ ನಾಲ್ಕು ಸ್ಥಿತಿಗಳನ್ನು ಹೇಳಿದರು. ಅದರಲ್ಲಿ ಒಂದು, ಹುಡುಕಾಟವೇ ಇಲ್ಲದೆ ದೊಡ್ಡವರು ಕೊಟ್ಟದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದು. ಇನ್ನೊಂದು, ಯಾವುದನ್ನೂ ಹಿಡಿಯದೆ ಹುಡುಕಾಟದ ನಡುವೆ ಇರುವುದು. ಹುಡುಕಿ ಆಮೇಲೆ ಹಿಡಿದದ್ದು ಬೇರೆ ಸ್ಥಿತಿ. ನಂಬಿಕೆಯ ಬೆಳವಣಿಗೆಯ ಬಗ್ಗೆ 1981ರಲ್ಲಿ ಬರೆದ ಜೇಮ್ಸ್ ಫೌಲರ್ ಕೂಡ, ಸುತ್ತಲಿನವರ ನಂಬಿಕೆಯನ್ನೇ ತನ್ನದು ಎಂದುಕೊಂಡಿರುವ ಹಂತದಿಂದ ಅದನ್ನು ತಾನೇ ಪರೀಕ್ಷಿಸಿ ನೋಡುವ ಹಂತಕ್ಕೆ ಹೋಗುವಾಗ ನೋವಾಗುತ್ತದೆ ಎಂದು ಗಮನಿಸಿದ್ದರು. ಮನೆ ಬಿಟ್ಟು ಹೋಗುವುದು ಈ ದಾಟುವಿಕೆಗೆ ಹೆಚ್ಚಾಗಿ ಕಾರಣವಾಗುತ್ತದೆ.

ಇವುಗಳನ್ನು ಹೇಳಿದ್ದು ಮನೆಯವರಿಗೆ ಒಂದು ಉಪಯೋಗ ಆಗಲಿ ಎಂದು. ಮೊದಲ ಸ್ಥಿತಿಯಲ್ಲಿರುವ ಮಗು ತಂದೆತಾಯಿಗೆ ಅತ್ಯಂತ ಗಟ್ಟಿಯಾಗಿ ಕಾಣುತ್ತದೆ, ಹುಡುಕಾಟದಲ್ಲಿರುವ ಮಗು ಕಳೆದುಹೋದ ಹಾಗೆ ಕಾಣುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಒಂದು ಹೆಜ್ಜೆ ಮುಂದೆ ಇರಬಹುದು ಎಂದು ತಿಳಿದಿದ್ದರೆ ಆ ಫೋನಿನಲ್ಲಿ ಬೇರೆ ಮಾತು ಬರುತ್ತಿತ್ತೇನೋ.

ಎರಡನೇ ವರ್ಷ

ಪಾಠದ ತೊಂದರೆ ಬೇಗ ಸರಿಹೋಯಿತು. ಪ್ರೊಫೆಸರ್ ಬಳಿ ಹೋಗಿ "ನನಗೆ ಶಾಲೆಯಲ್ಲಿ ಇದನ್ನ ಹೇಳಿಕೊಟ್ಟಿಲ್ಲ, ಎಲ್ಲಿಂದ ಶುರು ಮಾಡ್ಲಿ?" ಎಂದು ನೇರವಾಗಿ ಕೇಳಿದಳು. ಅವರು ಓದಬೇಕಾದ ಅಧ್ಯಾಯ ಗುರುತು ಮಾಡಿ ಕೊಟ್ಟರು. ಒಂದು ವಾದವನ್ನು ಪೂರ್ತಿ ಅರ್ಥ ಮಾಡಿಕೊಂಡರೆ ಅದನ್ನು ಒಪ್ಪಿದಂತೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಓದುವ ಭಯ ಹೋಯಿತು. ಓದಿ ಅರ್ಥವಾದ ಮೇಲೆ ಒಪ್ಪಿಯೂ ಒಪ್ಪಿದಳು.

ಸಭೆ ಹುಡುಕುವುದು ತಡವಾಯಿತು. ಹೋದಲ್ಲೆಲ್ಲ ಶಾಲೆಯ ಆರಾಧನೆಯ ಹಾಗೇ ಇದೆಯಾ ಎಂದು ನೋಡುತ್ತಿದ್ದಳು, ಎಲ್ಲಿಯೂ ಹಾಗಿರಲಿಲ್ಲ. ಕೊನೆಗೆ ಹೆಚ್ಚಾಗಿ ವಯಸ್ಸಾದವರೇ ಇರುವ ಒಂದು ಚಿಕ್ಕ ಸಭೆಯಲ್ಲಿ ನಿಂತಳು. ಎರಡನೇ ವಾರ ಒಬ್ಬ ಅಜ್ಜಿ ಹೆಸರು ಕೇಳಿ ನೆನಪಿಟ್ಟುಕೊಂಡರು. ಮಕ್ಕಳಿಗೆ ಭಾನುವಾರದ ಪಾಠ ಮಾಡ್ತೀಯಾ ಎಂದು ಕೇಳಿದಾಗ ಇಲ್ಲ ಎಂದಳು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಶಾಲೆಯಲ್ಲಿ ಯಾವಾಗಲೂ ಮುಂದೆ ನಿಂತು ಹಾಡಿಸುತ್ತಿದ್ದವಳು ಇಲ್ಲಿ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಳು. ಅದು ಅವಳಿಗೆ ಬೇಕಿತ್ತು. ಶಾಲೆಯಲ್ಲಿ ಮುಂದಾಳಾಗಿದ್ದ ಮಕ್ಕಳನ್ನು ಕಂಡ ಕೂಡಲೇ ಕೆಲಸಕ್ಕೆ ಹಚ್ಚುವ ಸಭೆಗಳು ಇದನ್ನು ಗಮನಿಸಬೇಕು.

ಅಮ್ಮನ ಜೊತೆ ಸರಿಯಾಗಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ರಜೆಗೆ ಹೋದಾಗ ಆ "ಆಮೆನ್" ವಿಷಯ ಅವಳೇ ಹೇಳಿಬಿಟ್ಟಳು. ಅಮ್ಮ ಅತ್ತರು. ಎರಡು ದಿನ ಬಿಟ್ಟು ಅಮ್ಮನೇ ಬಂದು ಹೇಳಿದ್ದು: "ಆ ಆರು ದಿನದ್ದು ನನಗೂ ಗೊತ್ತಿಲ್ಲ ಮಗಳೇ. ನಾನು ಯಾವತ್ತೂ ಯಾರನ್ನೂ ಕೇಳಿಲ್ಲ." ಈಗ ಫೋನಿನಲ್ಲಿ ಮೊದಲು ಸಭೆಯ ವಿಚಾರ ಬರುವುದಿಲ್ಲ, ನಿದ್ದೆ, ಓದು, ರೂಮ್‌ಮೇಟ್ ಹೇಗಿದ್ದಾಳೆ ಎನ್ನುವುದು ಬರುತ್ತದೆ. ಅಪ್ಪನಿಗೆ ಇನ್ನೂ ಎಲ್ಲ ಹೇಳಿಲ್ಲ.

ಅವಳ ಜೊತೆ ಶಾಲೆ ಮುಗಿಸಿದವರೆಲ್ಲ ಒಂದೇ ದಾರಿ ಹಿಡಿದಿಲ್ಲ. ಒಬ್ಬ ಪಾದ್ರಿಯಾಗಲು ಓದುತ್ತಿದ್ದಾನೆ. ಒಬ್ಬಳು ನಂಬಿಕೆಯನ್ನು ಪೂರ್ತಿ ಬಿಟ್ಟಿದ್ದಾಳೆ, ಶಾಂತವಾಗಿದ್ದಾಳೆ. ಅವಳ ಜೊತೆ ಹಳೆಯ ಗೆಳತಿಯರಲ್ಲಿ ಮಾತಾಡುವವಳು ಇವಳೊಬ್ಬಳೇ ಎನ್ನುವುದು ನನಗೆ ನೋವಿನ ಸಂಗತಿ. ಇನ್ನು ಕೆಲವರಿಗೆ ಯಾವ ಕಷ್ಟವೂ ಆಗಿಲ್ಲ.

ಅವಳ ತಮ್ಮ ಇನ್ನೂ ಅದೇ ಶಾಲೆಯಲ್ಲಿದ್ದಾನೆ. ಅವನನ್ನು ಬಿಡಿಸಬೇಕಾ ಎಂದು ಮನೆಯಲ್ಲಿ ಚರ್ಚೆಯಾಯಿತು. ಬೇಡ ಎಂದವಳು ಇವಳೇ. ಅದರ ಬದಲು ಕೊನೆಯ ವರ್ಷದ ಮಕ್ಕಳ ವಿಷಯದಲ್ಲಿ ಶಾಲೆಯನ್ನು ಎರಡು ಕೇಳಿಕೊಂಡರು. ಬೆಳಗಿನ ಆರಾಧನೆಗೆ ಬರುವುದನ್ನು ಅವರವರ ಇಷ್ಟಕ್ಕೆ ಬಿಡಿ, ಹಾಜರಿ ಬೇಡ. ಮತ್ತೆ ವಾರಕ್ಕೊಂದು ಪಿರಿಯಡ್ ಅವರು ಏನು ಬೇಕಾದರೂ ಕೇಳಲಿ, ಕೇಳಿದ್ದನ್ನು ಮನೆಗೆ ಹೇಳಬೇಡಿ. ಎರಡನೆಯದಕ್ಕೆ ಶಾಲೆ ಒಪ್ಪಿದೆ. ಆ ಪಿರಿಯಡ್ ತೆಗೆದುಕೊಳ್ಳಲು ನಿವೃತ್ತರಾಗಿದ್ದ ಮೇಷ್ಟ್ರನ್ನು ಮತ್ತೆ ಕರೆದಿದ್ದಾರೆ. ಹಾಜರಿಯ ಮಾತು ಇನ್ನೂ ನಡೆಯುತ್ತಿದೆ.